ಹನ್ನೊಂದು ಸಲ ಬಿಚ್ಚಿದ ಹೊಲಿಗೆ

ಟೈಲರಮ್ಮನಿಗೆ ಟೇಪು ಬೇಕಾಗುತ್ತಿದ್ದದ್ದು ಗಿರಾಕಿಗಳ ಸಮಾಧಾನಕ್ಕೆ ಮಾತ್ರ. ಅಂಗಡಿಯ ಮೂರು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಬಂದವಳ ಸೊಂಟ ಎಷ್ಟು, ತೋಳು ಎಷ್ಟು, ಯಾವ ಭುಜ ತುಸು ಕೆಳಗೆ ಜಗ್ಗಿದೆ ಎಂಬುದೆಲ್ಲ ಆಕೆಗೆ ಕಂಡುಬಿಟ್ಟಿರುತ್ತಿತ್ತು. ಮೂವತ್ತೊಂದು ವರ್ಷದ ಕಸುಬು, ಕಣ್ಣಳತೆ ತಪ್ಪುವುದು ಅಪರೂಪ. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡು ಉಸಿರು ಬಿಗಿಹಿಡಿಯುವವರು, ‘ಹೋದ ವರ್ಷ ಇಷ್ಟಿರಲಿಲ್ಲ, ನಿಮ್ಮ ಟೇಪೇ ಕುಗ್ಗಿದೆ’ ಎಂದು ಜಗಳಕ್ಕೆ ನಿಲ್ಲುವವರು, ಎಲ್ಲರನ್ನೂ ಆಕೆ ಕಂಡಿದ್ದಳು. ಅಂಥವರ ಬಟ್ಟೆಯನ್ನು ಸದ್ದಿಲ್ಲದೆ ಒಂದಿಂಚು ಸಡಿಲ ಬಿಟ್ಟು ಹೊಲಿದು, ‘ನೀವು ಹೇಳಿದ ಅಳತೆಗೇ ಮಾಡಿದ್ದೀನಿ ನೋಡಿ’ ಎಂದು ಕೊಡುತ್ತಿದ್ದಳು. ಅವರು ಕನ್ನಡಿಯಲ್ಲಿ ಹಿಂದೆ ಮುಂದೆ ತಿರುಗಿ ನೋಡಿಕೊಂಡು ಖುಷಿಯಾಗಿ ಹೋಗುತ್ತಿದ್ದರು.

ಬಟ್ಟೆಯ ಕೆಲಸದಲ್ಲಿ ಆಕೆ ಗಮನಿಸಿದ್ದ ಇನ್ನೊಂದು ಸಂಗತಿಯಿತ್ತು. ತಾಯಿಯ ಅಳತೆ ಕೈಯಲ್ಲಿದ್ದರೆ ಮಗಳದ್ದನ್ನು ಅರ್ಧ ಬರೆದಂತೆಯೇ. ಬೇಕರಿಯವರ ಮನೆಯಲ್ಲಿ ಅಜ್ಜಿ, ತಾಯಿ, ಮೊಮ್ಮಗಳು ಮೂವರಿಗೂ ಕಿರಿದಾದ ಭುಜ, ಅಗಲವಾದ ನಡು. ಅಂಚೆಯವನ ಮನೆಯಲ್ಲಿ ಎಲ್ಲರಿಗೂ ಕಡ್ಡಿಯಂಥ ಕೈಕಾಲು, ನಡುವೆ ಮಾತ್ರ ಗುಂಡು ಹೊಟ್ಟೆ. ‘ಈ ಮನೆಯವರಿಗೆಲ್ಲ ಒಂದೇ ನಮೂನೆ ಸಾಕು, ಕಾಗದ ಉಳಿಯುತ್ತೆ’ ಎಂದು ಆಕೆ ಪಕ್ಕದ ಇಸ್ತ್ರಿ ಅಂಗಡಿಯವನ ಹತ್ತಿರ ತಮಾಷೆ ಮಾಡುತ್ತಿದ್ದಳು. ಊರಿನ ಮನೆಮನೆಯ ಮೈಕಟ್ಟು ಬಲ್ಲ ಹೆಂಗಸಿಗೆ ತನ್ನ ಮನೆಯದ್ದು ಮಾತ್ರ ಕಾಣಲಿಲ್ಲ. ಕಂಡರೂ ಬೇಡವೆಂದು ಕಣ್ಣು ಮುಚ್ಚಿಕೊಂಡಳು ಎಂದರೆ ಸತ್ಯಕ್ಕೆ ಹೆಚ್ಚು ಹತ್ತಿರ.

ಭಾನುವಾರ ಅಂಗಡಿಗೆ ರಜೆ. ಮೇಲಿನ ಕೋಣೆಯಲ್ಲಿ ಎರಡು ಕುರ್ಚಿ, ಒಂದರಲ್ಲಿ ಆಕೆ, ಇನ್ನೊಂದರಲ್ಲಿ ಹರಕು ಬಟ್ಟೆಯ ಗಂಟು. ಗಂಡ ತೀರಿಕೊಂಡು ಹತ್ತೊಂಬತ್ತು ವರ್ಷವಾಗಿತ್ತು. ಒಬ್ಬಳೇ ಮಗಳು ಮನೆ ಬಿಟ್ಟು ಹತ್ತು ವರ್ಷ. ಜಗಳವಾಡಿ ಹೋದವಳಲ್ಲ, ಕೆಲಸಕ್ಕೆಂದು ಹೋದಳು, ಆಮೇಲೆ ಬರುವುದು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಬಸ್ಸಿನಲ್ಲಿ ಎರಡೇ ಗಂಟೆಯ ದಾರಿ. ಆಕೆ ರೇಡಿಯೋ ಹಾಕಿ, ಸುದ್ದಿ ಓದುವವನ ಜೊತೆ ಒಂದಿಷ್ಟು ವಾದ ಮಾಡಿ, ಎರಡು ಆಲೂಗಡ್ಡೆ ಬೇಯಲಿಟ್ಟು, ಹತ್ತು ಗಂಟೆಯಾಗುವುದನ್ನೇ ಕಾಯುತ್ತಿದ್ದಳು. ವಾರಕ್ಕೊಮ್ಮೆ ಹತ್ತು ಗಂಟೆಗೆ ಮಗಳ ಫೋನು ಬರುತ್ತಿತ್ತು. ಹೆಚ್ಚೆಂದರೆ ಐದಾರು ನಿಮಿಷ. ಉಳಿದ ಆರು ದಿನ ಆ ಐದಾರು ನಿಮಿಷವನ್ನೇ ಮೆಲುಕು ಹಾಕಿಕೊಂಡು ಕಳೆಯಬೇಕು.

“ಗಾಳಿ ಹೇಗಿದೆ?” ಎಂದು ಆ ಭಾನುವಾರವೂ ಆಕೆ ಕೇಳಿದಳು. ಬೇರೆ ತಾಯಂದಿರು ಊಟ ಆಯಿತೇ ಎಂದು ಕೇಳುವಂತೆ ಈಕೆ ಗಾಳಿಯನ್ನು ವಿಚಾರಿಸಿಕೊಳ್ಳುತ್ತಿದ್ದಳು. ಊಟದ ಮಾತು ಅವರಿಬ್ಬರ ನಡುವೆ ಎಂದೋ ಬಿದ್ದುಹೋಗಿತ್ತು.

“ಪರವಾಗಿಲ್ಲ. ಗುರುವಾರ ಜೋರಿತ್ತು, ಎಲ್ಲರನ್ನೂ ಕೆಳಗಿಳಿಸಿದ್ರು.”

ಮಗಳು ಎತ್ತರದ ಕಟ್ಟಡಗಳ ಕೆಲಸದಲ್ಲಿ ಕ್ರೇನು ನಡೆಸುತ್ತಿದ್ದಳು. ನಲವತ್ತು ಮೀಟರು ಕಬ್ಬಿಣದ ಏಣಿ ಹತ್ತಿ, ಒಬ್ಬರೇ ಕೂರುವಷ್ಟು ಪುಟ್ಟ ಗಾಜಿನ ಗೂಡಿನಲ್ಲಿ ದಿನವಿಡೀ ಕೂತಿರಬೇಕು. ಜೊತೆಯವರು ‘ಕ್ರೇನಕ್ಕ’ ಎನ್ನುತ್ತಿದ್ದರು. ಈ ಕೆಲಸವೇ ಏಕೆ ಎಂದು ತಾಯಿ ಒಮ್ಮೆ ಕೇಳಿದ್ದಕ್ಕೆ ನಕ್ಕು, “ಮೇಲೆ ಕೂತರೆ ಕುತ್ತಿಗೆಯಿಂದ ಕೆಳಗೆ ಯಾರಿಗೂ ಕಾಣಿಸಲ್ಲಮ್ಮ” ಎಂದಿದ್ದಳು. ತಾಯಿಯೂ ನಕ್ಕಿದ್ದಳು. ಫೋನಿಟ್ಟ ಮೇಲೆ ಬಹಳ ಹೊತ್ತು ಕೂತಲ್ಲೇ ಕೂತಿದ್ದಳು.

“ಒಂದು ವಿಷಯ ಹೇಳೋದಿತ್ತು,” ಎಂದಳು ಮಗಳು. “ಒಂದು ಕೋರ್ಸ್ ಶುರು ಮಾಡಿದ್ದೀನಿ. ನಲವತ್ತು ದಿನದ್ದು. ಬರೀ ಪುಡಿ, ನೀರಲ್ಲಿ ಕಲಸಿ ದಿನಕ್ಕೆ ಮೂರು ಲೋಟ. ಇವತ್ತಿಗೆ ಹನ್ನೆರಡು ದಿನ ಆಯ್ತು.”

“ಮತ್ತೆ ಊಟ?”

“ಊಟ ಇಲ್ಲ. ಅದೇ ಕೋರ್ಸು.”

“ಡಾಕ್ಟ್ರು ಕೊಟ್ಟಿದ್ದಾ?”

“ಒಂದು ಸೆಂಟರ್‌ನವರು. ಗೋಡೆ ತುಂಬ ಫೋಟೋ ಹಾಕಿದ್ದಾರೆ, ಮುಂಚೆ ಹೀಗಿದ್ರು, ಆಮೇಲೆ ಹೀಗಾದ್ರು ಅಂತ. ಏಣಿ ಹತ್ತುವಾಗ ಕೈ ಸ್ವಲ್ಪ ನಡುಗುತ್ತೆ. ಮೊದಮೊದಲು ಹಾಗೇನೇ ಅಂತೆ.”

ಆಲೂಗಡ್ಡೆಯ ಪಾತ್ರೆ ಕೊತಕೊತ ಕುದಿಯುತ್ತಿತ್ತು. ಆಕೆ ಎದ್ದು ಆರಿಸಲಿಲ್ಲ. “ಕೈ ನಡುಗಿದರೆ ಏಣಿ ಹತ್ತಬಾರದು ಕಣೇ,” ಎಂದಳು.

“ನಂದು ವಿಚಿತ್ರ ಮೈ ಅಮ್ಮ. ಬೇರೆಯವರ ಥರ ಅರ್ಧ ಊಟ ಬಿಟ್ಟರೆಲ್ಲ ಆಗಲ್ಲ. ನೆನಪಿದೆಯಾ, ಸ್ಕೂಲಲ್ಲಿದ್ದಾಗ? ಒಂದು ವಾರದಲ್ಲಿ ಸ್ಕರ್ಟು ಬಿಗಿಯಾಗಿಬಿಡ್ತಿತ್ತು. ಏನೂ ತಿನ್ನದೇ ಇದ್ದ ವಾರಾನೂ. ಅಂಥ ಮೈನ ಹೇಗೆ ನಂಬೋದು ಹೇಳು. ಇದಕ್ಕೆ ಪೂರ್ತಿ ಬಾಯಿ ಕಟ್ಟೋದೇ ಸರಿ.”

“ಹೂಂ,” ಎಂದಳು ತಾಯಿ. ಫೋನು ಇಟ್ಟಾಗ ಪಾತ್ರೆಯ ನೀರು ಇಂಗಿ ಆಲೂಗಡ್ಡೆ ತಳ ಹತ್ತಿತ್ತು. ಆಕೆ ಸೀದುಹೋದ ಭಾಗ ಕೆರೆದು ಉಳಿದದ್ದನ್ನು ನಿಂತುಕೊಂಡೇ ತಿಂದಳು.

ಆ ಸ್ಕರ್ಟಿನ ಕಥೆ ಗೊತ್ತಿದ್ದದ್ದು ಈ ಲೋಕದಲ್ಲಿ ಆಕೆಯೊಬ್ಬಳಿಗೇ.

ಮಗಳಿಗೆ ಹದಿಮೂರು ತುಂಬಿದ ವರ್ಷ ಅವಳ ಮೈ ತುಂಬಿಕೊಳ್ಳತೊಡಗಿತು. ಮುಖ, ಕುತ್ತಿಗೆ, ತೋಳು ಎಲ್ಲ ತೆಳ್ಳಗೆಯೇ ಇದ್ದವು. ಸೊಂಟದಿಂದ ಕೆಳಗೆ ಮಾತ್ರ ಅಗಲ, ತೊಡೆ ದಪ್ಪ. ತಾಯಿ ಮೊದಲು ಬಾಯಲ್ಲಿ ಹೇಳಿದಳು, ಬೈದಳು, ತಟ್ಟೆಯಿಂದ ಒಂದು ತುತ್ತು ತೆಗೆದಳು. ಮಗಳು ಹುಡುಗಾಟದ ಮಗು, ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಳು. ಆಗ ಟೈಲರಮ್ಮನಿಗೆ ಹೊಳೆದದ್ದು ಹೊಲಿಗೆಯವಳಿಗೆ ಮಾತ್ರ ಹೊಳೆಯಬಹುದಾದ ಉಪಾಯ. ಒಂದು ಶನಿವಾರ ಶಾಲೆಯ ಸ್ಕರ್ಟು ಒಗೆದು ಒಣಗಿಸಿದ ಮೇಲೆ ಎರಡೂ ಪಕ್ಕದ ಹೊಲಿಗೆ ಬಿಚ್ಚಿ, ಕಾಲಿಂಚು ಒಳಗೆ ತೆಗೆದುಕೊಂಡು, ಅದೇ ಬಣ್ಣದ ದಾರದಲ್ಲಿ ಮತ್ತೆ ಹೊಲಿದಳು. ಹಳೆಯ ಸೂಜಿಯ ತೂತು ಕಾಣದಂತೆ ಒದ್ದೆ ಬಟ್ಟೆಯಿಟ್ಟು ಇಸ್ತ್ರಿ ಮಾಡಿದಳು. ಸೋಮವಾರ ಬೆಳಿಗ್ಗೆ ಹುಕ್ಕು ಹಾಕಿಕೊಳ್ಳಲು ಒದ್ದಾಡುತ್ತಿದ್ದ ಮಗಳಿಗೆ, “ನೋಡಿದ್ಯಾ? ನಾನು ಹೇಳಿದರೆ ಕೇಳಲ್ಲ, ಬಟ್ಟೆ ಹೇಳಿದರಾದರೂ ಕೇಳು” ಎಂದಳು.

ಉಪಾಯ ಫಲಿಸಿತು. ಹುಡುಗಿ ಹೆದರಿ ತಿನ್ನುವುದು ಕಡಿಮೆ ಮಾಡಿದಳು. ಒಂದು ತಿಂಗಳಿಗೆ ಹೆದರಿಕೆ ಕಳೆದು ಮತ್ತೆ ಮೊದಲಿನಂತಾದಾಗ ತಾಯಿ ಮತ್ತೆ ಹೊಲಿಗೆ ಬಿಚ್ಚಿದಳು. ಎರಡು ವರ್ಷದಲ್ಲಿ ಹನ್ನೊಂದು ಸಲ. ಸ್ಕರ್ಟು ತೀರಾ ಚಿಕ್ಕದಾದಾಗ ‘ಬಟ್ಟೆ ಹಳೆಯದಾಯಿತು’ ಎಂದು ಹೊಸದು ಹೊಲಿದು, ಅದನ್ನೂ ಹಾಗೆಯೇ ಮಾಡಿದಳು. ಗಿರಾಕಿಗಳಿಗೆ ಸಡಿಲ ಬಿಟ್ಟು ಸುಳ್ಳು ಹೇಳುತ್ತಿದ್ದ ಕೈಯೇ ಹೆತ್ತ ಮಗಳಿಗೆ ಬಿಗಿದು ಸುಳ್ಳು ಹೇಳಿತು. ಹುಡುಗಿ ಕ್ರಮೇಣ ಯಾರ ಮುಂದೆಯೂ ಕೂತು ತಿನ್ನದಂತಾದಳು. ಅದನ್ನು ತಾಯಿ ಬುದ್ಧಿ ಬಂತೆಂದು ತಿಳಿದಳು.

ಯಾಕಿಷ್ಟು ಹಟ? ಜನ ಆಡಿಕೊಳ್ಳುತ್ತಾರೆ, ಮುಂದೆ ಕಷ್ಟವಾಗುತ್ತದೆ, ಆರೋಗ್ಯ ಕೆಡುತ್ತದೆ ಎಂದು ಆಕೆ ತನಗೆ ತಾನೇ ಹೇಳಿಕೊಂಡಿದ್ದಳು. ಅದೆಲ್ಲ ಸುಳ್ಳೂ ಅಲ್ಲ. ಆದರೆ ಇನ್ನೊಂದು ಕಾರಣವಿತ್ತು. ಹನ್ನೊಂದು ವರ್ಷ ಆಕೆ ಅತ್ತೆಯ ಜೊತೆ ಒಂದೇ ಮನೆಯಲ್ಲಿ ಬಾಳಿದ್ದಳು. ಅತ್ತೆಯದು ಇದೇ ಅಗಲವಾದ ನಡು, ಬಾಗಿಲ ತುಂಬ ನಿಲ್ಲುವ ಆಳು. ಆ ಬಾಯಿಯಿಂದ ಒಂದು ದಿನವೂ ಒಳ್ಳೆಯ ಮಾತು ಬರಲಿಲ್ಲ. ಅತ್ತೆ ಸತ್ತು ಮನೆ ಹಗುರವಾಯಿತು ಎನ್ನುವಾಗ ಅದೇ ನಡಿಗೆ, ಅದೇ ನೆರಳು ಮಗಳಾಗಿ ಬಾಗಿಲಲ್ಲಿ ನಿಂತಿತು. ಇದನ್ನು ಟೈಲರಮ್ಮ ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

ಮಂಗಳವಾರ ಆಕೆ ಆಸ್ಪತ್ರೆಗೆ ಹೋಗಬೇಕಿತ್ತು. ಕೆಲವು ತಿಂಗಳಿನಿಂದ ವಿಪರೀತ ಬಾಯಾರಿಕೆ, ಸೂಜಿಗೆ ದಾರ ಪೋಣಿಸುವಾಗ ಕಣ್ಣು ಮಂಜು. ಹೋದ ವಾರ ರಕ್ತ ಕೊಟ್ಟು, ಹೊಟ್ಟೆಯ ಸ್ಕ್ಯಾನು ಮಾಡಿಸಿ ಬಂದಿದ್ದಳು. ಡಾಕ್ಟರು ನಡುವಯಸ್ಸಿನ ಹೆಂಗಸು, ತಮಗೇ ಶೀತವಾಗಿ ಮೂಗೊರೆಸಿಕೊಳ್ಳುತ್ತ ಕಾಗದ ತಿರುವಿ ಹಾಕುತ್ತಿದ್ದರು.

“ಸಕ್ಕರೆ ಕಾಯಿಲೆ ಇದೆ. ಹೊಸದಲ್ಲ, ಕೆಲವು ವರ್ಷದ್ದೇ ಇರಬೇಕು. ಲಿವರ್‌ನಲ್ಲಿ ಕೊಬ್ಬು ಸೇರಿಕೊಂಡಿದೆ. ಯಾಕೆ ಇಷ್ಟು ದಿನ ತೋರಿಸಲಿಲ್ಲ?”

“ನನಗಾ ಕೊಬ್ಬು?” ಟೈಲರಮ್ಮ ತನ್ನ ಕಡ್ಡಿಯಂಥ ಕೈ ಮುಂದೆ ಚಾಚಿದಳು. “ನೋಡಿ ಡಾಕ್ಟ್ರೇ, ಗಾಳಿ ಬಂದರೆ ಹಾರಿಹೋಗ್ತೀಯಾ ಅಂತ ನಮ್ಮ ಇಸ್ತ್ರಿಯವನು ಆಡಿಕೊಳ್ತಾನೆ. ಮದುವೇಲಿ ಹೊಲಿಸಿದ ಕೋಟು ಈಗಲೂ ತೋಳಿಗೆ ಸರಿಯಾಗಿ ಕೂರುತ್ತೆ.”

“ತೋಳಿಗೆ ಕೂರುತ್ತೆ. ಗುಂಡಿ ಹಾಕೋಕಾಗುತ್ತಾ?”

ಡಾಕ್ಟರು ಎದ್ದು ಟೇಪು ತಂದು ಆಕೆಯ ಹೊಟ್ಟೆಗೆ ಸುತ್ತಿದರು. ಅವರು ಟೇಪನ್ನು ಓರೆಯಾಗಿ ಹಿಡಿದದ್ದು ಕಂಡು ಟೈಲರಮ್ಮ ತಡೆಯಲಾರದೆ, “ಹಿಂದೆ ಇಳಿದಿದೆ, ಸ್ವಲ್ಪ ಮೇಲೆ ತಗೊಳ್ಳಿ” ಎಂದಳು. ಡಾಕ್ಟರು ನಕ್ಕು ಸರಿಪಡಿಸಿಕೊಂಡರು. ಸೊಂಟದ ಅಳತೆಯನ್ನೂ ತೆಗೆದರು. ಹೊಟ್ಟೆಯದೇ ಹೆಚ್ಚು ಬಂತು.

“ಮನೆಗೆ ಸಾಮಾನು ಬರುತ್ತೆ ಅಂದ್ಕೊಳ್ಳಿ,” ಎಂದರು ಡಾಕ್ಟರು ಕೂತುಕೊಳ್ಳುತ್ತ. “ದೊಡ್ಡ ಉಗ್ರಾಣ ಇದ್ದವರು ಅಲ್ಲಿ ಇಟ್ಟು ಬಾಗಿಲು ಹಾಕ್ತಾರೆ. ಉಗ್ರಾಣ ಚಿಕ್ಕದಾದರೆ ಅಡುಗೆಮನೆ, ಮಲಗೋ ಕೋಣೆ, ಎಲ್ಲ ಕಡೆ ತುಂಬಿ ಓಡಾಡೋಕೆ ಜಾಗ ಇರಲ್ಲ. ಸೊಂಟದ ಕೆಳಗೆ, ತೊಡೇಲಿ ಚರ್ಮದಡಿ ಕೂರುತ್ತಲ್ಲ ಕೊಬ್ಬು, ಅದು ಉಗ್ರಾಣದಲ್ಲಿ ಇಟ್ಟ ಹಾಗೆ, ಅಷ್ಟಾಗಿ ತೊಂದರೆ ಕೊಡಲ್ಲ. ನಿಮಗೆ ಆ ಜಾಗ ಕಡಿಮೆ. ಹಾಗಾಗಿ ಸ್ವಲ್ಪವೇ ಹೆಚ್ಚಾದರೂ ಹೊಟ್ಟೆ ಒಳಗೆ, ಲಿವರ್ ಸುತ್ತಮುತ್ತ ಹೋಗಿ ಕೂತಿದೆ.”

“ಆ ಉಗ್ರಾಣ ಯಾರಿಗೆ ಎಷ್ಟು ದೊಡ್ಡದು ಅಂತ ಯಾರು ತೀರ್ಮಾನ ಮಾಡೋದು?”

“ಬಹಳಷ್ಟು ಹುಟ್ಟುವಾಗಲೇ ತೀರ್ಮಾನ ಆಗಿರುತ್ತೆ. ಅಪ್ಪ ಅಮ್ಮನಿಂದ ಬರೋ ಜೀನುಗಳಲ್ಲಿ ಚಿಕ್ಕ ಚಿಕ್ಕ ವ್ಯತ್ಯಾಸ ನೂರಾರು. ಒಂದೊಂದರ ಕೆಲಸ ಚೂರೇ ಚೂರು, ಎಲ್ಲ ಸೇರಿದಾಗ ಒಬ್ಬರದು ಹೊಟ್ಟೆಗೆ ಹೋಗುತ್ತೆ, ಇನ್ನೊಬ್ಬರದು ತೊಡೆಗೆ. ಹೆಂಗಸರಲ್ಲಂತೂ ಇದರ ಪ್ರಭಾವ ಇನ್ನೂ ಜಾಸ್ತಿ.”

ಟೈಲರಮ್ಮನ ಕಣ್ಣ ಮುಂದೆ ಬೇಕರಿಯವರ ಮನೆಯ ಮೂವರೂ ಸಾಲಾಗಿ ಬಂದು ನಿಂತರು. “ಹಾಗಾದ್ರೆ ತಿನ್ನೋದು, ಬಿಡೋದು ಲೆಕ್ಕಕ್ಕೇ ಇಲ್ವಾ?” ಎಂದಳು ಸ್ವಲ್ಪ ಜಗಳದ ದನಿಯಲ್ಲಿ.

“ಯಾಕಿಲ್ಲ? ಊಟ, ಓಡಾಟ, ನಿದ್ದೆ ಎಲ್ಲ ಲೆಕ್ಕಕ್ಕೆ ಬರುತ್ತೆ. ನಿಮಗೆ ಇವತ್ತಿನಿಂದ ನಾನು ಹೇಳೋದೂ ಅದನ್ನೇ. ಆದರೆ ಕೊಬ್ಬು ಎಲ್ಲಿ ಕೂರಬೇಕು ಅನ್ನೋದನ್ನ ಬೈದು ಬದಲಾಯಿಸೋಕಾಗಲ್ಲ.”

ಆಕೆ ಮಡಿಲಲ್ಲಿದ್ದ ಚೀಲದ ಹಿಡಿಕೆಯನ್ನು ತಿರುಚುತ್ತ ಕೂತಳು. ಆಮೇಲೆ, “ನನಗೊಬ್ಬ ಗಿರಾಕಿ ಇದ್ದಾಳೆ” ಎಂದು ಶುರುಮಾಡಿದಳು. “ಮೇಲೆಲ್ಲ ತೆಳ್ಳಗೆ, ಸೊಂಟದ ಕೆಳಗೆ ದಪ್ಪ. ಅವಳ ಅಜ್ಜಿಯೂ ಹಾಗೇ ಇದ್ದಳು. ಎಂಬತ್ತೆರಡು ವರ್ಷ ಗುಂಡುಕಲ್ಲಿನ ಹಾಗೆ ಬದುಕಿದಳು, ಪಾಪಿ. ಈ ಹುಡುಗಿ ಈಗ ಊಟ ಬಿಟ್ಟು ಬರೀ ಪುಡಿ ನೀರು ಕುಡೀತಿದ್ದಾಳೆ. ನಲವತ್ತು ದಿನ. ದಿನಾ ನಲವತ್ತು ಮೀಟರು ಏಣಿ ಹತ್ತೋ ಕೆಲಸ.”

ಡಾಕ್ಟರು ಮೂಗೊರೆಸಿಕೊಳ್ಳುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದರು. “ಯಾರೂ ರಕ್ತ ಪರೀಕ್ಷೆ ಮಾಡದೆ? ಮೊದಲು ಏಣಿ ಹತ್ತೋದು ನಿಲ್ಲಿಸೋಕೆ ಹೇಳಿ. ರಕ್ತದಲ್ಲಿರೋ ಉಪ್ಪಿನಂಶ ಏರುಪೇರಾದರೆ ತಲೆ ಸುತ್ತೋದಕ್ಕೆ ಮುನ್ಸೂಚನೆ ಏನೂ ಬರಲ್ಲ. ನೋಡಿ, ಆ ಹುಡುಗಿಯ ಮೈ ನಿಮ್ಮದಕ್ಕಿಂತ ಆರೋಗ್ಯವಾಗಿರಬಹುದು. ಪರೀಕ್ಷೆ ಮಾಡಿಸದೆ ಯಾರಿಗೂ ಗೊತ್ತಾಗಲ್ಲ. ಅವಳು ನಿಮ್ಮ ಮಾತು ಕೇಳ್ತಾಳಾ?”

“ಕೇಳ್ತಾಳೆ,” ಎಂದಳು ಟೈಲರಮ್ಮ. “ಅದೇ ತೊಂದರೆ.”

ಸಂಜೆ ಆಕೆ ತಾನೇ ಫೋನು ಮಾಡಿದಳು. ಹತ್ತು ವರ್ಷದಲ್ಲಿ ವಾರದ ನಡುವೆ ಮಾಡಿದವಳಲ್ಲ. ಮಗಳು ಗಾಬರಿಯಾಗಿ, “ಯಾರು ಹೋದ್ರು?” ಎಂದು ಕೇಳಿದಳು.

“ಯಾರೂ ಹೋಗಿಲ್ಲ, ನನಗೆ ಸಕ್ಕರೆ ಕಾಯಿಲೆ ಬಂದಿದೆ ಅಷ್ಟೇ,” ಎಂದು ತಾಯಿ ಡಾಕ್ಟರು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದಳು. ಉಗ್ರಾಣ, ಜೀನು, ಲಿವರು, ಉಪ್ಪಿನಂಶ, ಎಲ್ಲ. ಮಗಳು ತಾಯಿಯ ಔಷಧಿಯ ಬಗ್ಗೆ ಕಾಳಜಿಯಿಂದ ವಿಚಾರಿಸಿದಳು. ತನ್ನ ವಿಷಯಕ್ಕೆ ಬಂದಾಗ ಮಾತ್ರ ಮೆತ್ತಗೆ ಜಾರಿಕೊಂಡಳು.

“ಅದೆಲ್ಲ ಓದಿದ್ದೀನಮ್ಮ. ಬೇರೆಯವರ ವಿಷಯದಲ್ಲಿ ನಿಜ ಇರಬಹುದು. ನನ್ನ ಮೈ ನನಗೆ ಗೊತ್ತು. ಬರೀ ನೀರು ಕುಡಿದ ವಾರ ಸ್ಕರ್ಟು ಬಿಗಿಯಾಗಿದ್ದು ನಾನೇ ನೋಡಿದ್ದೀನಲ್ಲ. ಯಾವ ಡಾಕ್ಟ್ರು ಏನು ಹೇಳಿದರೂ ಅದು ಸುಳ್ಳಾಗುತ್ತಾ? ನೀನೂ ನೋಡಿದ್ದೀಯಲ್ಲ.”

“ನೋಡಿದ್ದೀನಿ,” ಎಂದಳು ತಾಯಿ.

“ಮತ್ತೆ? ನೀನೇ ಆಗ ಬಾಯಿ ಕಟ್ಟು ಅಂತಿದ್ದೆ. ಈಗ ಕಟ್ಟಿದರೂ ಬಯ್ತೀಯಾ.”

ಫೋನಿಟ್ಟು ಆಕೆ ಕೆಳಗಿಳಿದು ಹೊಲಿಗೆಯಂತ್ರದ ಮುಂದೆ ಕೂತಳು. ಕಾಲು ತಾನಾಗಿ ತುಳಿಯಿತು, ಕೈಯಲ್ಲಿ ಬಟ್ಟೆಯಿಲ್ಲದೆ ಸೂಜಿ ಸುಮ್ಮನೆ ಓಡಿತು. ಈಗ ಡಾಕ್ಟರು ಬೇಡ, ಪುಸ್ತಕ ಬೇಡ. ಮಗಳ ತಲೆಯಿಂದ ಆ ಸ್ಕರ್ಟನ್ನು ತೆಗೆಯಬಲ್ಲವಳು ಒಬ್ಬಳೇ, ಅದನ್ನು ಅಲ್ಲಿಟ್ಟವಳು. ಹೇಳಿದರೆ? ಆ ಭಾನುವಾರದ ಫೋನು ನಿಂತುಹೋಗುತ್ತದೆ. ಅದು ನಿಂತರೆ ವಾರದಲ್ಲಿ ಒಂದು ದಿನಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ. ಆಕೆಯನ್ನು ‘ಅಮ್ಮ’ ಎಂದು ಕರೆಯುವ ದನಿ ಈ ಭೂಮಿಯ ಮೇಲೆ ಅದೊಂದೇ. ಸುಮ್ಮನಿದ್ದರೆ ಅದು ಉಳಿಯುತ್ತದೆ, ಇನ್ನು ಇಪ್ಪತ್ತಾರು ದಿನ ತಾನೇ, ಏನೂ ಆಗದೆಯೂ ಇರಬಹುದು. ಈ ಯೋಚನೆ ಬಂದದ್ದಕ್ಕೆ ಆಕೆಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಬುಧವಾರ ಮಗಳ ಹತ್ತಿರ ಹೋಗಲಿಲ್ಲ. ಗುರುವಾರವೂ ಹೋಗಲಿಲ್ಲ. ತುರ್ತು ಕೆಲಸವಿದೆ ಎಂದು ಇಸ್ತ್ರಿಯವನಿಗೆ ಹೇಳಿದಳು. ಅವನೇನೂ ವಿಚಾರಿಸಿರಲಿಲ್ಲ.

ಶುಕ್ರವಾರ ಅಂಗಡಿಗೆ ಬೀಗ ಹಾಕಿ ಬೆಳಗಿನ ಬಸ್ಸು ಹತ್ತಿದಳು.

ಕಟ್ಟಡದ ಕೆಲಸ ನಡೆಯುವ ಜಾಗದಲ್ಲಿ ತಗಡಿನ ಗೇಟು, ಅದರಾಚೆ ಧೂಳು, ಕಬ್ಬಿಣದ ಸರಳುಗಳ ರಾಶಿ. ಕ್ರೇನು ಎಷ್ಟು ಎತ್ತರವಿತ್ತೆಂದರೆ ತಲೆಯೆತ್ತಿ ನೋಡಿದ ಆಕೆಗೆ ಹಿಂದಕ್ಕೆ ಬೀಳುವಂತಾಯಿತು. ತುದಿಯಲ್ಲಿ ಆ ಪುಟ್ಟ ಗಾಜಿನ ಗೂಡು. ಒಳಗೆ ಯಾರಾದರೂ ಇದ್ದಾರೆ ಎಂದೇ ತಿಳಿಯುವಂತಿರಲಿಲ್ಲ. ಮೂವತ್ತೊಂದು ವರ್ಷ ಜನರ ಮೈ ನೋಡಿಯೇ ಬದುಕಿದವಳು ಅಲ್ಲಿ ನಿಂತು ಒಂದು ಚುಕ್ಕೆಯನ್ನು ನೋಡಿದಳು.

ಮೇಲ್ವಿಚಾರಕ ಹಳದಿ ಟೋಪಿಯ ದಪ್ಪ ಮನುಷ್ಯ, ಒಳ್ಳೆಯ ಮಾತುಗಾರ. ಕ್ರೇನಕ್ಕನ ತಾಯಿ ಎಂದು ತಿಳಿದ ಕೂಡಲೇ ಕೂರಲು ಪೆಟ್ಟಿಗೆ ತಂದು ಹಾಕಿದ. “ಒಳ್ಳೇ ಕೆಲಸಗಾರಳು ಕಣಮ್ಮ. ಮೊಟ್ಟೆ ಇಟ್ಟ ಹಾಗೆ ಇಡ್ತಾಳೆ ಸರಕನ್ನ. ಆದರೆ ಇವತ್ತು ಬೆಳಿಗ್ಗೆ ಅರ್ಧ ಏಣೀಲಿ ನಿಂತುಬಿಟ್ಲು. ಐದು ನಿಮಿಷ ಅಲ್ಲಾಡಲಿಲ್ಲ. ನಾನು ಕೆಳಗಿಂದ ಕೂಗಿದ್ದೇ ಕೂಗಿದ್ದು. ಆಮೇಲೆ ಕೇಳಿದರೆ ಶೂ ಲೇಸು ಬಿಚ್ಚಿತ್ತು ಅಂದ್ಲು. ಆ ಶೂಗೆ ಲೇಸೇ ಇಲ್ಲ.”

ಊಟದ ಹೊತ್ತಿಗೆ ಮಗಳು ಇಳಿದಳು. ಒಂದೊಂದೇ ಮೆಟ್ಟಿಲು, ಪ್ರತಿ ಮೆಟ್ಟಿಲಿಗೂ ಎರಡೂ ಕಾಲು ಕೂಡಿಸಿ. ಆಕೆ ಅಷ್ಟೂ ಹೊತ್ತು ಉಸಿರು ಬಿಗಿಹಿಡಿದು ನಿಂತಿದ್ದಳು. ನೆಲ ಮುಟ್ಟಿದ ಮಗಳ ಮುಖ ಬಾಡಿತ್ತು, ತುಟಿ ಬಿರಿದಿತ್ತು. ತಾಯಿಯನ್ನು ಕಂಡು ಮೊದಲು ನಕ್ಕಳು, ಆಮೇಲೆ ಹೆದರಿದಳು.

“ಏನಾಯ್ತು?”

“ಕೂತ್ಕೋ ಬಾ.”

ಕ್ಯಾಂಟೀನಿನ ಗೋಡೆಯ ನೆರಳಿನಲ್ಲಿ ಸಿಮೆಂಟಿನ ದೊಡ್ಡ ಕೊಳವೆಯೊಂದಿತ್ತು. ಇಬ್ಬರೂ ಅದರ ಮೇಲೆ ಕೂತರು. ಮಗಳು ಚೀಲದಿಂದ ಬಾಟಲಿ ತೆಗೆದು ಕುಲುಕಿದಳು. ಒಳಗೆ ಬೂದು ಬಣ್ಣದ ನೀರು.

“ಅದನ್ನ ಕುಡಿಯೋಕೆ ಮುಂಚೆ ಒಂದು ಮಾತು ಕೇಳು,” ಎಂದಳು ತಾಯಿ. ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ಪೀಠಿಕೆಯೆಲ್ಲ ಮರೆತುಹೋಗಿತ್ತು. “ನಿನ್ನ ಸ್ಕರ್ಟು ಬಿಗಿಯಾಗ್ತಿತ್ತಲ್ಲ. ಅದು ನಾನು.”

“ನೀನು ಏನು?”

“ನಾನು ಬಿಚ್ಚಿ, ಒಳಗೆ ತಗೊಂಡು ಹೊಲೀತಿದ್ದೆ. ಶನಿವಾರ ಒಗೆದ ಮೇಲೆ. ನಿನ್ನ ಮೈ ವಾರದಲ್ಲಿ ಊದುತ್ತಿರಲಿಲ್ಲ. ಎಲ್ಲಾ ಮಕ್ಕಳ ಹಾಗೆ ಬೆಳೀತಿತ್ತು, ಅಷ್ಟೇ. ಬಿಗಿ ಮಾಡ್ತಿದ್ದವಳು ನಾನು.”

ಮಗಳು ಬಾಟಲಿ ಕುಲುಕುವುದನ್ನು ನಿಲ್ಲಿಸಿದಳು. ಅವಳ ಮುಖದಲ್ಲಿ ಸಿಟ್ಟು ಬರಲಿಲ್ಲ, ಅರ್ಥವಾಗದ ಭಾಷೆ ಕೇಳಿದವರ ಗೊಂದಲವಿತ್ತು.

“ಎಷ್ಟು ಸಲ?”

“ಹನ್ನೊಂದು.”

“ಪರೀಕ್ಷೆ ವಾರ? ನಾನು ಮೂರು ದಿನ ಬರೀ ನೀರು ಕುಡಿದು, ಸೋಮವಾರ ಹುಕ್ಕು ಹಾಕೋಕಾಗದೆ ಬಚ್ಚಲಲ್ಲಿ ಕೂತು ಅತ್ತಿದ್ದೆ. ನೀನು ಹೊರಗೆ ಬಾಗಿಲು ತಟ್ಟುತ್ತಿದ್ದೆ.”

“ಆ ವಾರಾನೂ.”

ಕ್ಯಾಂಟೀನಿನ ಒಳಗಿಂದ ತಟ್ಟೆಗಳ ಸದ್ದು, ಯಾರದೋ ನಗು. ಮಗಳು ತನ್ನ ಎರಡೂ ತೊಡೆಗಳ ಮೇಲೆ ಅಂಗೈ ಊರಿ, ಅವು ನಿಜಕ್ಕೂ ಅಲ್ಲಿವೆಯೇ ಎಂದು ಪರೀಕ್ಷಿಸುವವಳ ಹಾಗೆ ಒತ್ತಿದಳು. “ಹದಿನಾರು ವರ್ಷ,” ಎಂದಳು. “ಹದಿನಾರು ವರ್ಷದಿಂದ ನನ್ನ ಮೈ ನನಗೆ ಮೋಸ ಮಾಡುತ್ತೆ ಅಂದ್ಕೊಂಡಿದ್ದೆ.”

“ನಿನ್ನ ಒಳ್ಳೇದಕ್ಕೆ ಅಂತ...”

“ಬೇಡ. ಅದನ್ನ ಹೇಳಬೇಡ.”

ಇಷ್ಟು ದೂರ ಬಂದು ಅರ್ಧ ಹೇಳಿ ಹೋಗುವುದರಲ್ಲಿ ಅರ್ಥವಿಲ್ಲ ಎಂದು ತಾಯಿಗೆ ಅನ್ನಿಸಿತು. “ಸರಿ, ಅದಲ್ಲ,” ಎಂದಳು ನೆಲ ನೋಡುತ್ತ. “ನಿನಗೆ ನಿನ್ನ ಅಜ್ಜಿಯ ಮೈಕಟ್ಟು ಬಂತು. ಆಕೇನ ಕಂಡರೆ ನನಗೆ ಆಗುತ್ತಿರಲಿಲ್ಲ. ಆಕೆಗೆ ಎದುರು ಆಡೋ ಧೈರ್ಯ ನನಗೆ ಒಂದು ದಿನವೂ ಬರಲಿಲ್ಲ. ನೀನು ಬಾಗಿಲಲ್ಲಿ ನಿಂತಾಗ ಆಕೇನೇ ವಾಪಸ್ಸು ಬಂದ ಹಾಗೆ ಆಗ್ತಿತ್ತು. ಆ ಸಿಟ್ಟನ್ನ ನಿನ್ನ ಮೇಲೆ ಹೊಲಿದೆ. ನಿನ್ನದು ಒಂದು ಎಳೆ ತಪ್ಪಿಲ್ಲ ಅದರಲ್ಲಿ.”

ಮೇಲ್ವಿಚಾರಕ ಆ ಕಡೆಯಿಂದ ಬಂದು, ಇಬ್ಬರ ಮುಖ ನೋಡಿ, ಏನೋ ಮರೆತವನಂತೆ ತಿರುಗಿ ಹೋಗುತ್ತಿದ್ದ. ಮಗಳು ಅವನನ್ನು ಕೂಗಿದಳು.

“ಮಧ್ಯಾಹ್ನ ನಾನು ಹತ್ತಲ್ಲ. ಬೇರೆಯವರನ್ನ ಕಳಿಸಿ. ಬೆಳಿಗ್ಗೆ ಲೇಸಲ್ಲ, ತಲೆ ಸುತ್ತಿತ್ತು.”

“ಗೊತ್ತು ಬಿಡು,” ಎಂದ ಅವನು. “ನಾಳೆ ಆಸ್ಪತ್ರೆಗೆ ತೋರಿಸಿಕೊಂಡು ಬಾ. ಆಮೇಲೆ ಏಣಿ.”

ಅವನು ಹೋದ ಮೇಲೆ ಮಗಳು ಎದ್ದು ನಿಂತಳು. ತಾಯಿಯ ಕಡೆ ನೋಡದೆ, “ಈ ಭಾನುವಾರ ನಾನು ಫೋನ್ ಮಾಡಲ್ಲ” ಎಂದಳು. “ಬರೋ ಭಾನುವಾರಾನೂ ಇಲ್ಲ. ಯಾವಾಗ ಮಾಡ್ತೀನೋ ನನಗೇ ಗೊತ್ತಿಲ್ಲ. ನೀನಾಗಿ ಮಾಡಬೇಡ.”

“ಆಯ್ತು.”

“ಔಷಧಿ ತಪ್ಪಿಸಬೇಡ.”

“ಆಯ್ತು,” ಎಂದಳು ತಾಯಿ.

ಮಗಳು ಬಾಟಲಿಯನ್ನು ಕೊಳವೆಯ ಮೇಲೆಯೇ ಬಿಟ್ಟು ಕ್ಯಾಂಟೀನಿನ ಒಳಗೆ ಹೋದಳು. ತೆರೆದ ಕಿಟಕಿಯಲ್ಲಿ ಸಾಲು ಕಾಣುತ್ತಿತ್ತು. ಧೂಳು ಮೆತ್ತಿದ ಗಂಡಸರ ನಡುವೆ ತಟ್ಟೆ ಹಿಡಿದು ನಿಂತ ಮಗಳ ಬೆನ್ನು, ಅಗಲವಾದ ನಡು. ಟೈಲರಮ್ಮನ ಕಣ್ಣು ಅಭ್ಯಾಸಬಲದಿಂದ ತಟ್ಟೆಯ ಕಡೆ ಹೋಯಿತು. ಎಷ್ಟು ಅನ್ನ, ಎಷ್ಟು ತರಕಾರಿ ಎಂದು ಲೆಕ್ಕ ಶುರುವಾಗುವ ಮುಂಚೆ ಆಕೆ ಕಷ್ಟಪಟ್ಟು ಮುಖ ಈಚೆ ತಿರುಗಿಸಿ, ಕಿಟಕಿಗೆ ಬೆನ್ನು ಹಾಕಿ ನಿಂತಳು. ಎದುರಿಗೆ ಸುಣ್ಣ ಕಾಣದ ಇಟ್ಟಿಗೆಯ ಗೋಡೆ. ಅದನ್ನೇ ನೋಡಿದಳು. ಹೊರಡಬೇಕಿತ್ತು, ಆದರೂ ನಿಂತಳು.

ಒಳಗೆ ಬಡಿಸುವವನು ಸೌಟನ್ನು ಪಾತ್ರೆಗೆ ಬಡಿದು, “ಸಾಕಾ?” ಎಂದು ಕೇಳಿದ್ದು ಕೇಳಿಸಿತು.

ಆಮೇಲೆ ಮಗಳ ದನಿ, ತುಸು ಒಡೆದದ್ದು, ಆದರೆ ಎಲ್ಲರಿಗೂ ಕೇಳುವಷ್ಟು ಗಟ್ಟಿ.

“ಇಲ್ಲ. ಇನ್ನೊಂಚೂರು ಹಾಕಿ.”

ಆ ಮಾತನ್ನು ಮಗಳ ಬಾಯಿಂದ ಆಕೆ ಕೇಳಿ ಹದಿನಾರು ವರ್ಷವಾಗಿತ್ತು. ಆಕೆ ತಿರುಗಿ ನೋಡಲಿಲ್ಲ. ಕಣ್ಣೊರೆಸಿಕೊಂಡು, ಕಿಟಕಿಯ ಮುಂದೆ ಹಾಯದಂತೆ ಗೋಡೆಯ ಬದಿಯಲ್ಲೇ ಸುತ್ತಿ, ಬಸ್ಸು ನಿಲ್ಲುವ ಕಡೆಗೆ ಒಬ್ಬಳೇ ನಡೆದಳು.